ಹುಣಿಸೆಯೂ ದ್ರಾಕ್ಷಿಯೂ: ಹಬ್ಬದ ಊಟದ ರಸಾಯನ

ಹೋಳಿಗೆ ಬಡಿಸಿದ ಎಲೆಯಲ್ಲಿ ಕಟ್ಟಿನ ಸಾರು ಇರಲೇಬೇಕೆಂಬುದು ಧಾರವಾಡದ ಕಡೆಯ ಅಡಿಗೆಮನೆಗಳ ಅಲಿಖಿತ ಶಾಸನ. ಧಾರವಾಡದ ಸಪ್ತಾಪುರದಲ್ಲಿ ಹೊರ ಊರುಗಳಿಂದ ಬಂದು ಕೋಣೆ ಹಿಡಿದು ಓದುವ ವಿದ್ಯಾರ್ಥಿಗಳು ಬಹಳ. ಪರೀಕ್ಷೆಯ ದೆಸೆಯಿಂದ ಯುಗಾದಿಗೆ ಊರಿಗೆ ಹೋಗಲಾಗದೆ ಖಾನಾವಳಿಯಲ್ಲಿಯೇ ಹಬ್ಬವನ್ನು ಮುಗಿಸಬೇಕಾದವರು ಕೂಡ, ತಾಟಿಗೆ ಹೋಳಿಗೆ ಬಿದ್ದೊಡನೆ "ಕಟ್ಟಿನ ಸಾರ ಇಲ್ಲೇನ್ರೀ?" ಎಂದು ಕೇಳದೆ ಬಿಡರು. ಇಲ್ಲವೆಂದರೆ ಹೋಳಿಗೆಯ ಸವಿಯೇ ಅರ್ಧ ಹೋದಂತೆ. ಇದು ಕೇವಲ ರೂಢಿಯ ಬಲವೆ, ಅಥವಾ ನಾಲಗೆಯು ನಿಜವಾಗಿಯೂ ಅಂಥದೊಂದು ಜೊತೆಯನ್ನು ಬೇಡುವುದೆ?

ಸಿಹಿ, ಜಿಡ್ಡು, ಉಪ್ಪು, ಖಾರಗಳು ಒಟ್ಟಿಗೆ ಬಂದಾಗ ಅವುಗಳ ನಡುವೆ ಏನನ್ನು ಗುಟುಕರಿಸಬೇಕೆಂಬ ಪ್ರಶ್ನೆ ಹಬ್ಬ ಮಾಡುವ ಎಲ್ಲ ಜನಾಂಗಗಳಿಗೂ ಉಂಟು. ನಮಗೆ ಅತಿ ದೂರದ ದೇಶವಾದ ಬ್ರೆಜಿಲ್ಲನ್ನೇ ನೋಡಬಹುದು. ಅದರ ದಕ್ಷಿಣದ ತುದಿಯಲ್ಲಿರುವ ರಿಯೊ ಗ್ರಾಂದೆ ದೊ ಸುಲ್ ಪ್ರಾಂತದ ಬೆಟ್ಟಸೀಮೆಗೆ ಸೆರ್ರಾ ಗೌಶಾ ಎಂದು ಹೆಸರು. ೧೮೭೫ರಿಂದ ಮುಂದಕ್ಕೆ ಇಟಲಿಯ ರೈತರು ಅಲ್ಲಿಗೆ ವಲಸೆ ಬಂದು ದ್ರಾಕ್ಷಿಯ ಬಳ್ಳಿಯನ್ನು ಹಬ್ಬಿಸಿದರು. ಇಂದು ಆ ದೇಶದ ದ್ರಾಕ್ಷಾಮದ್ಯದ, ಎಂದರೆ ವೈನಿನ, ಬಹುಪಾಲು ಅಲ್ಲಿಯದು. ಕ್ರಿಸ್ಮಸ್ ಹಬ್ಬ ಅವರಿಗೆ ಬೇಸಗೆಯಲ್ಲಿ ಬರುತ್ತದೆ. ಆ ದಿನದ ಮೇಜಿನ ಮೇಲೆ ಟರ್ಕಿ ಕೋಳಿ, ಹಂದಿಯ ತೊಡೆ, ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು ಇರುತ್ತವೆ. ರೊಟ್ಟಿಯ ಬಿಲ್ಲೆಗಳನ್ನು ಹಾಲಿನಲ್ಲಿ ನೆನೆಯಿಸಿ, ಮೊಟ್ಟೆಯಲ್ಲಿ ಅದ್ದಿ, ಕರಿದು, ಸಕ್ಕರೆ ಉದುರಿಸಿದ 'ರಬನಾದಾ' ಎಂಬ ಸಿಹಿಯೂ ಇರುತ್ತದೆ. ಯಾವುದಕ್ಕೆ ಯಾವ ವೈನು ಒಪ್ಪುತ್ತದೆಂಬ ಚರ್ಚೆ ಅವರಲ್ಲಿ ಒಂದು ವಿದ್ಯೆಯಷ್ಟೇ ಬೆಳೆದಿದೆ. ಆ ಚರ್ಚೆಯಲ್ಲಿ ಡಂಭದ ಪಾಲು ಎಷ್ಟಾದರೂ ಇರಲಿ, ಅದರ ತಳದಲ್ಲಿರುವ ರಸಾಯನವು ಸುಳ್ಳಲ್ಲ. ಮತ್ತು ಅದೇ ರಸಾಯನ ನಮ್ಮ ಸಾರಿನ ಪಾತ್ರೆಯಲ್ಲಿಯೂ ಇದೆ.

ಹೇಗೆಂಬುದನ್ನು ತಿಳಿಯಲು ಹುಳಿಯಿಂದ ಆರಂಭಿಸುವುದು ಮೇಲು. ನಿಂಬೆಯ ಹುಳಿಗೆ ಸಿಟ್ರಿಕ್ ಆಮ್ಲ ಕಾರಣ, ಸೇಬಿನ ಹುಳಿಗೆ ಮ್ಯಾಲಿಕ್ ಆಮ್ಲ, ಮೊಸರಿನ ಹುಳಿಗೆ ಲ್ಯಾಕ್ಟಿಕ್ ಆಮ್ಲ. ದ್ರಾಕ್ಷಿಯ ಹುಳಿಗೆ ಮುಖ್ಯ ಕಾರಣವಾದದ್ದು ಟಾರ್ಟಾರಿಕ್ ಆಮ್ಲ. ವೈನಿನ ಪೀಪಾಯಿಗಳ ಒಳಗೋಡೆಗೆ ಗಟ್ಟಿಯಾಗಿ ಕಚ್ಚಿಕೊಳ್ಳುವ ಕಿಟ್ಟದಿಂದ ಇದನ್ನು ೧೭೬೯ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದವನು ಸ್ವೀಡನ್ನಿನ ಔಷಧಿಕಾರ ಷೀಲೆ. ೧೮೪೮ರಲ್ಲಿ ಲೂಯಿ ಪಾಶ್ಚರನು ಇದೇ ವರ್ಗದ ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಎಡ-ಬಲವೆಂದು ವಿಂಗಡಿಸಿ, ಅಣುಗಳಲ್ಲಿಯೂ ಎಡಗೈ-ಬಲಗೈಗಳಂಥ ಭೇದವುಂಟೆಂಬ ಸಂಗತಿಯನ್ನು ಬೆಳಕಿಗೆ ತಂದನು. ರಸಾಯನಶಾಸ್ತ್ರದಲ್ಲಿ ಇಷ್ಟು ಪ್ರತಿಷ್ಠಿತವಾದ ಈ ಆಮ್ಲ ಹಣ್ಣುಗಳ ಲೋಕದಲ್ಲಿ ಮಾತ್ರ ಅಪರೂಪ. ನಾವು ದಿನವೂ ಬಳಸುವ ಹಣ್ಣುಗಳಲ್ಲಿ ಇದು ಹೇರಳವಾಗಿರುವುದು ಎರಡರಲ್ಲಿ. ಒಂದು ದ್ರಾಕ್ಷಿ, ಇನ್ನೊಂದು ಹುಣಿಸೆ.

ಹುಣಿಸೆಯ ತಿರುಳಿನಲ್ಲಿ ನೂರಕ್ಕೆ ಹತ್ತು ಪಾಲಿನ ಆಸುಪಾಸು, ಕೆಲವು ವೇಳೆ ಅದಕ್ಕೂ ಮೇಲೆ, ಈ ಆಮ್ಲವಿರುತ್ತದೆ. ಬೇರೆ ಅನೇಕ ಹಣ್ಣುಗಳು ಮಾಗಿದಂತೆಲ್ಲ ತಮ್ಮ ಹುಳಿಯನ್ನು ತಾವೇ ಬಳಸಿಕೊಂಡು ಸಪ್ಪೆಯಾಗುತ್ತವೆ. ಹುಣಿಸೆಯಲ್ಲಿ ಹಾಗಲ್ಲ. ಸಕ್ಕರೆ ಏರುತ್ತದೆ, ಹುಳಿಯೂ ಉಳಿಯುತ್ತದೆ. ಆದುದರಿಂದಲೇ ಹಣ್ಣಾದ ಹುಣಿಸೆ ಏಕಕಾಲಕ್ಕೆ ಸಿಹಿಯೂ ಹುಳಿಯೂ ಆಗಿರುವುದು. ವೈನಿನಲ್ಲಿ ಲೀಟರಿಗೆ ಸುಮಾರು ೫ರಿಂದ ೮ ಗ್ರಾಂ ಆಮ್ಲವಿರುತ್ತದೆ. ಹುಣಿಸೆಯ ಹದವಾದ ರಸ ಹಿಂಡಿದ ಸಾರಿನಲ್ಲಿ ಕೈಯಳತೆಗೆ ತಕ್ಕಂತೆ ಹೆಚ್ಚುಕಡಿಮೆಯಾದೀತು. ಆಮ್ಲ ಮಾತ್ರ ಅದೇ.

ಇನ್ನು ಈ ಹುಳಿ ಹೋಳಿಗೆಗೆ ಏನು ಉಪಕಾರ ಮಾಡುತ್ತದೆಂಬುದನ್ನು ವಿಚಾರಿಸೋಣ. ನಾಲಗೆಯ ಮೇಲಿನ ರುಚಿಮೊಗ್ಗುಗಳಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕಗಳಿವೆ. ಸಕ್ಕರೆಯೋ ಬೆಲ್ಲವೋ ಅವುಗಳ ಮೇಲೆ ಎಡೆಬಿಡದೆ ಬೀಳುತ್ತಿದ್ದರೆ ಅವುಗಳ ಪ್ರತಿಕ್ರಿಯೆ ಕ್ರಮೇಣ ಮಂದವಾಗುತ್ತದೆ. ಮೊದಲನೆಯ ತುತ್ತು ಅಮೃತವೆನಿಸಿದ ಹೋಳಿಗೆ ಮೂರನೆಯದಕ್ಕೆ ಬರಿಯ ಭಾರವೆನಿಸುವುದು ಇದರಿಂದ. ಇದರ ಪರೀಕ್ಷೆಗೆ ಪ್ರಯೋಗಶಾಲೆ ಬೇಡ. ಧಾರವಾಡದಲ್ಲಿರುವವರಿಗಂತೂ ಪೇಢೆ ಕೈಗೆಟಕುವಷ್ಟು ಹತ್ತಿರ. ಮೊದಲು ಸಕ್ಕರೆ ಹಾಕಿದ ಚಹಾ ಒಂದು ಗುಟುಕು ಕುಡಿಯಿರಿ. ಬಳಿಕ ಒಂದು ಪೇಢೆಯನ್ನು ನಿಧಾನವಾಗಿ ತಿಂದು, ಅದೇ ಚಹಾವನ್ನು ಮತ್ತೆ ಗುಟುಕರಿಸಿರಿ. ಅರ್ಧ ಸಕ್ಕರೆಯನ್ನು ಯಾರೋ ಕದ್ದರೆಂಬಂತೆ ಅದು ಚಪ್ಪೆಯಾಗಿ, ಕೊಂಚ ಕಹಿಯಾಗಿ ತೋರುತ್ತದೆ. ಬದಲಾದದ್ದು ಚಹಾ ಅಲ್ಲ, ನಾಲಗೆ. ಸಿಹಿತಿಂಡಿಯೊಡನೆ ಕೊಡುವ ವೈನು ತಿಂಡಿಗಿಂತ ಸಿಹಿಯಾಗಿರಬೇಕೆಂದು ಆ ವಿದ್ಯೆಯವರು ವಿಧಿಸಿರುವ ನಿಯಮದ ಮೂಲ ಇಲ್ಲಿದೆ. ರಬನಾದಾದ ಜೊತೆಗೆ ಬ್ರೆಜಿಲಿನವರು ಮಸ್ಕಟ್ ದ್ರಾಕ್ಷಿಯ ಸಿಹಿಯಾದ ನೊರೆವೈನನ್ನು ಇಡುವುದು ಇದೇ ಕಾರಣಕ್ಕೆ.

ನಮ್ಮ ಗೃಹಿಣಿಯರು ಮಾಡಿರುವ ಏರ್ಪಾಡು ಇದಕ್ಕಿಂತಲೂ ಜಾಣತನದ್ದೆಂದು ನನ್ನ ಅಭಿಪ್ರಾಯ. ಕಡಲೆಬೇಳೆಯನ್ನು ಬೇಯಿಸಿ ಬಸಿದಾಗ ಬರುವ ಕಟ್ಟನ್ನು ಅವರು ಚೆಲ್ಲುವುದಿಲ್ಲ. ಬೇಳೆಯಿಂದ ಕರಗಿ ಬಂದ ಸಸಾರಜನಕ, ಪಿಷ್ಟ, ಖನಿಜ ಲವಣಗಳು ಅದರಲ್ಲಿವೆ. ಅದಕ್ಕೆ ಹುಣಿಸೆಯ ರಸ, ಮಸಾಲೆ, ಕೊಬ್ಬರಿ ಸೇರಿಸಿ ಕುದಿಸುತ್ತಾರೆ. ಮೇಲೆ ಒಂದು ಹಿಡಿ ಹೂರಣವನ್ನೂ ಕದಡುತ್ತಾರೆ. ಈ ಹಿಡಿ ಹೂರಣವೇ ಗುಟ್ಟು. ಹೋಳಿಗೆಯನ್ನು ತಿಂದ ನಾಲಗೆಗೆ ಬರಿಯ ಹುಳಿ ಕಟುವಾಗಿ ಬಡಿದೀತು; ಸಾರಿನಲ್ಲಿಯೂ ಅದೇ ಸಿಹಿಯ ಎಳೆಯೊಂದು ಇರುವುದರಿಂದ ಎರಡಕ್ಕೂ ಸಂಧಿಯಾಗುತ್ತದೆ. ಹುಳಿ ಮುಟ್ಟಿದೊಡನೆ ಬಾಯಲ್ಲಿ ನೀರೂರುತ್ತದೆ. ಹೀಗೆ ಧಾರಾಳವಾಗಿ ಹರಿದ ಲಾಲಾರಸವು ನಾಲಗೆಗೆ ಅಂಟಿದ ಬೆಲ್ಲವನ್ನೂ ತುಪ್ಪವನ್ನೂ ತೊಳೆದು ಒಯ್ಯುತ್ತದೆ. ಸಿಹಿಯ ಗ್ರಾಹಕಗಳು ವಿಶ್ರಾಂತಿ ಪಡೆದು ಮುಂದಿನ ತುತ್ತಿಗೆ ಮತ್ತೆ ಚುರುಕಾಗುತ್ತವೆ. ಹುಳಿಯನ್ನು ಅರಿಯುವ ಕೋಶಗಳಲ್ಲಿ ಆಮ್ಲದ ಜಲಜನಕ ಅಯಾನುಗಳನ್ನು ಒಳಗೆ ಬಿಡುವ ದ್ವಾರ ಯಾವುದೆಂಬುದು ೨೦೧೮-೧೯ರ ಸುಮಾರಿಗೆ ಮಾತ್ರ ಗೊತ್ತಾಯಿತು. ಅಡಿಗೆಯವರು ಅದಕ್ಕಾಗಿ ಕಾದು ಕುಳಿತಿರಲಿಲ್ಲ.

ಮಾಂಸದ ಊಟದಲ್ಲಿ ಸಿಹಿಗಿಂತಲೂ ಜಿಡ್ಡಿನ ತೊಡಕು ಹೆಚ್ಚು. ಅಲ್ಲಿ ಕೆಂಪು ವೈನಿನ ಒಗರು ಕೆಲಸಕ್ಕೆ ಬರುತ್ತದೆ. ಒಗರು ಎಂಬುದಕ್ಕೆ ನಮ್ಮ ಭಾಷೆಯಲ್ಲಿ ಇಷ್ಟು ಖಚಿತವಾದ ಶಬ್ದವಿರುವುದು ಒಂದು ಅನುಕೂಲ. ಇದನ್ನು ಉಂಟುಮಾಡುವ ಟ್ಯಾನಿನ್ನುಗಳು ದ್ರಾಕ್ಷಿಯ ಸಿಪ್ಪೆ-ಬೀಜಗಳಲ್ಲಿವೆ, ಚಹಾದಲ್ಲಿವೆ, ಎಳೆಯ ಬಾಳೆಕಾಯಿಯಲ್ಲಿವೆ, ಅಡಿಕೆಯಲ್ಲಿವೆ. ಲಾಲಾರಸದಲ್ಲಿ ಬಾಯಿಯನ್ನು ನುಣುಪಾಗಿಡುವ ಸಸಾರಜನಕಗಳಿರುತ್ತವೆ. ಟ್ಯಾನಿನ್ ಅವುಗಳನ್ನು ಹಿಡಿದು ಒತ್ತರಿಸಿಬಿಡುವುದರಿಂದ ನುಣುಪು ಹೋಗಿ ಬಾಯಿ ತರಿತರಿಯಾಗುತ್ತದೆ. ಜಿಡ್ಡು ಇದಕ್ಕೆ ನೇರ ವಿರುದ್ಧ. ಅದು ಬಾಯಿಗೆ ಅತಿಯಾದ ನುಣುಪನ್ನು ಹಚ್ಚುತ್ತದೆ. ೨೦೧೨ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಜನರಿಗೆ ಜಿಡ್ಡಿನ ಮಾಂಸವನ್ನೂ ಒಗರಿನ ಪಾನೀಯವನ್ನೂ ಒಂದಾದ ಮೇಲೊಂದು ಕೊಟ್ಟು ನೋಡಿದರು. ಒಗರು ಜಿಡ್ಡಿನ ಅನುಭವವನ್ನೂ, ಜಿಡ್ಡು ಒಗರಿನ ಅನುಭವವನ್ನೂ ತಗ್ಗಿಸುವುದು ಕಂಡುಬಂದಿತು. ಅವರು ಬಳಸಿದ ಪಾನೀಯಗಳಲ್ಲಿ ಚಹಾ ಕೂಡ ಒಂದೆಂಬುದು ಗಮನಾರ್ಹ. ತುಪ್ಪ ಸುರಿದ ಹಬ್ಬದ ಊಟದ ಮೇಲೆ ಅಡಿಕೆ ಅಗಿಯುವ ನಮ್ಮ ರೂಢಿಯ ಹಿಂದೆಯೂ ಇದೇ ಒಗರಿನ ಸುಖವಿದ್ದೀತು. ಆದರೆ ಅಡಿಕೆ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೦೪ರಲ್ಲಿ ಪ್ರಕಟವಾದ ವರದಿಯಲ್ಲಿ ನಿರ್ಣಯಿಸಿರುವುದರಿಂದ, ಆ ಸುಖವನ್ನು ಹಾಲು ಹಾಕದ ಚಹಾದಲ್ಲಿ ಹುಡುಕುವುದು ಲೇಸು.

ಖಾರದ ಕತೆ ಬೇರೆ. ಅದು ರುಚಿಯೇ ಅಲ್ಲ, ನೋವು. ಸುಡುವ ಬಿಸಿಯನ್ನು ಗುರುತಿಸುವ ನರಗಳ ಗ್ರಾಹಕವನ್ನೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೆರಳಿಸುತ್ತದೆ. ೧೯೯೭ರಲ್ಲಿ ಈ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸರು ೨೦೨೧ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಅದು ಸಾಮಾನ್ಯವಾಗಿ ಸುಮಾರು ೪೩ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಎಚ್ಚರಗೊಳ್ಳುವಂಥದು. ಮದ್ಯಸಾರವಾದರೋ ಆ ಮಿತಿಯನ್ನು ದೇಹದ ಉಷ್ಣತೆಗಿಂತ ಕೆಳಕ್ಕೆ ಇಳಿಸಿಬಿಡುತ್ತದೆ. ಆದುದರಿಂದ ಮಿರ್ಚಿ ಭಜಿ ತಿಂದು ವೈನು ಕುಡಿದವನ ಬಾಯಿ ಮೊದಲಿಗಿಂತ ಹೆಚ್ಚು ಉರಿಯುವುದರಲ್ಲಿ ಆಶ್ಚರ್ಯವಿಲ್ಲ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು. ಹಾಲಿನ ಕೇಸಿನ್ ಎಂಬ ಸಸಾರಜನಕ ಅದನ್ನು ಹಿಡಿದುಕೊಂಡು ಹೋಗುತ್ತದೆ. ರೊಟ್ಟಿಯ ಊಟದಲ್ಲಿ ಕೆಂಪು ಖಾರದ ಪಕ್ಕದಲ್ಲಿ ಮೊಸರಿರುವುದು ಎಷ್ಟು ಯುಕ್ತವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೆಣಸಿನಕಾಯಿಯ ಮಾತು ಬಂದಾಗ ಒಂದು ವಿನೋದ ನೆನಪಾಗುತ್ತದೆ. ಅದು ಅಮೆರಿಕ ಖಂಡದಿಂದ ಪೋರ್ತುಗೀಸರ ಹಡಗಿನಲ್ಲಿ ಬಂದದ್ದು. ಗೋಡಂಬಿ ಬ್ರೆಜಿಲಿನದೇ. ಶೇಂಗಾದ ತವರೂ ದಕ್ಷಿಣ ಅಮೆರಿಕ. ಎಂದರೆ ನಮ್ಮ ಶೇಂಗಾ ಹೋಳಿಗೆ ಅವರ ಕ್ರಿಸ್ಮಸ್ ಮೇಜಿಗೆ ದೂರದ ನೆಂಟ. ಬಳ್ಳಿಯಲ್ಲಿಯೂ ನೆಂಟಸ್ತನವಿದೆ. ಸೆರ್ರಾ ಗೌಶಾದ ವಲಸೆಗಾರರ ಯುರೋಪಿನ ಬಳ್ಳಿಗಳು ಅಲ್ಲಿಯ ತೇವದಲ್ಲಿ ಬೂಷ್ಟು ಹತ್ತಿ ಸೋತಾಗ ಅವರ ಕೈಹಿಡಿದದ್ದು ಉತ್ತರ ಅಮೆರಿಕದಿಂದ ಬಂದ 'ಇಸಬೆಲ್' ಎಂಬ ಗಟ್ಟಿ ತಳಿ. ಬೆಂಗಳೂರು, ಚಿಕ್ಕಬಳ್ಳಾಪುರದ ಕಡೆ ಬೆಳೆದು ೨೦೧೩ರಲ್ಲಿ ಭೌಗೋಳಿಕ ಸೂಚಕವನ್ನು ಪಡೆದ ನಮ್ಮ 'ಬೆಂಗಳೂರು ಬ್ಲೂ' ದ್ರಾಕ್ಷಿಯನ್ನು ತಜ್ಞರು ಇದೇ ತಳಿಯೆಂದು ಎಣಿಸುತ್ತಾರೆ. ಇವುಗಳ ಮೂಲವಾದ ಅಮೆರಿಕದ ಕಾಡುಬಳ್ಳಿಯ ಘಮಕ್ಕೆ ಕಾರಣವಾದ ವಸ್ತುಗಳಲ್ಲಿ ಮಿಥೈಲ್ ಆಂತ್ರನಿಲೇಟ್ ಪ್ರಸಿದ್ಧವಾದದ್ದು. ಮಲ್ಲಿಗೆಯ ಕಂಪಿನಲ್ಲಿಯೂ ಅದುಂಟು. ಮೂಗಿಗೆ ಇದು ನಮಗೆ ಪ್ರಿಯ. ಫ್ರಾನ್ಸಿನವರಿಗೆ ಮಾತ್ರ ಇದು ನರಿಯ ನಾತವೆನಿಸಿತು; ೧೯೩೦ರ ದಶಕದಲ್ಲಿ ಅವರು ಈ ತಳಿಯ ವೈನಿನ ಮಾರಾಟವನ್ನೇ ನಿಷೇಧಿಸಿದರು. ನಾಲಗೆಯ ನಿಯಮಗಳು ಎಲ್ಲರಿಗೂ ಒಂದೇ ಆದರೂ ಮೂಗಿನ ಮೆಚ್ಚುಗೆ ಬಹುಮಟ್ಟಿಗೆ ಊರಿನ ಪಾಠ.

ಇಷ್ಟೆಲ್ಲ ಓದಿದ ಮೇಲೆ ವೈನೂ ಒಂದು ಒಳ್ಳೆಯ ಸಾರೇ ಎಂದು ಯಾರಾದರೂ ತರ್ಕಿಸಿಯಾರು. ಹುಳಿ, ಒಗರು, ಸಿಹಿ, ನೊರೆಯ ಇಂಗಾಲಾಮ್ಲ ವಾಯು ಇವು ಯಾವುವೂ ಮದ್ಯಸಾರವಲ್ಲ. ಊಟಕ್ಕೆ ಜೊತೆಯಾಗುವ ಗುಣಗಳು ಬಹುತೇಕ ಇವುಗಳವೇ. ಮದ್ಯಸಾರ ಪರಿಮಳವನ್ನು ಎತ್ತಿ ಕೊಡುತ್ತದೆಂಬುದು ನಿಜ. ಆದರೆ ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದ್ದು ೧೯೮೮ರಲ್ಲಿಯೇ. ಯಾವ ಪ್ರಮಾಣದ ಮದ್ಯಸೇವನೆಯೂ ಆರೋಗ್ಯಕ್ಕೆ ನಿರಪಾಯಕರವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರ ಜನವರಿಯಲ್ಲಿ ಸ್ಪಷ್ಟವಾಗಿ ಸಾರಿತು. ಹೊಸ ಊರಿನಲ್ಲಿ, ಹೊಸ ಸ್ನೇಹಿತರ ನಡುವೆ, ಹಬ್ಬದ ನೆಪದಲ್ಲಿ ಮೊದಲನೆಯ ಲೋಟ ಕೈಗೆ ಬರುವ ವಯಸ್ಸಿನವರು ಈ ಪತ್ರಿಕೆಯನ್ನು ಓದುತ್ತಾರೆ. "ಊಟಕ್ಕೆ ಒಪ್ಪುತ್ತದೆ" ಎಂಬ ಮಾತಿನಲ್ಲಿ ಎಷ್ಟು ಪಾಲು ಟಾರ್ಟಾರಿಕ್ ಆಮ್ಲದ್ದು, ಎಷ್ಟು ಪಾಲು ಮದ್ಯಸಾರದ್ದು ಎಂಬುದನ್ನು ಅವರು ಬೇರ್ಪಡಿಸಿ ನೋಡಬಲ್ಲವರಾಗಿರಬೇಕು.

ಕಟ್ಟಿನ ಸಾರು ಮರುದಿನ ಹೆಚ್ಚು ರುಚಿಯೆಂಬ ಮಾತಿಗೂ ಆಧಾರವಿಲ್ಲದಿಲ್ಲ. ಮಸಾಲೆಯ ಪರಿಮಳದ ತೈಲಗಳು ನೀರಿಗಿಂತ ಕೊಬ್ಬರಿಯ ಎಣ್ಣೆಯಲ್ಲಿ ಚೆನ್ನಾಗಿ ಕರಗತಕ್ಕವು. ರಾತ್ರಿ ಕಳೆಯುವಷ್ಟರಲ್ಲಿ ಅವು ಆ ಎಣ್ಣೆಯಲ್ಲಿ ಹರಡಿಕೊಳ್ಳುತ್ತವೆ, ಬೇಳೆಯ ಪಿಷ್ಟ ನೀರು ಹೀರಿ ಸಾರನ್ನು ಮಂದವಾಗಿಸುತ್ತದೆ. ಹುಣಿಸೆಯ ಹುಳಿ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತುಸು ತಡೆದರೂ ಪೂರ್ಣವಾಗಿ ನಿಲ್ಲಿಸಲಾರದು. ಶೀತಪೆಟ್ಟಿಗೆಯಿದ್ದರೆ ಆರಿದ ಕೂಡಲೆ ಅದರಲ್ಲಿ ಮುಚ್ಚಿಟ್ಟು, ಮುಂಜಾನೆ ಚೆನ್ನಾಗಿ ಕುದಿಸಿ ಬಿಸಿಯನ್ನಕ್ಕೆ ಕಲಸಿಕೊಳ್ಳತಕ್ಕದ್ದು. ಅದಿಲ್ಲದ ಕೋಣೆಯವರು ಹಬ್ಬದ ದಿನವೇ ಪಾತ್ರೆಯನ್ನು ಬರಿದು ಮಾಡುವುದು ಕ್ಷೇಮ.