ಆರೈಕೆ ಮಾಡುವವರ ಗಾಯ ತಡವಾಗಿ ಮಾಯುತ್ತದೆ

ಮದುವೆಯಾಗಿ ಕರಾವಳಿಯಿಂದ ಬಂದು ಮುಂಬಯಿಯ ವಿಕ್ರೋಳಿಯಲ್ಲಿರುವ ಕನ್ನಮ್ವಾರ್ ನಗರದಂಥ ಕಡೆ ಸಂಸಾರ ಹೂಡಿದ ಹೆಂಗಸರು ಹಿಂದಿ, ಮರಾಠಿ ಕಲಿತದ್ದು ತರಕಾರಿ ಕೊಳ್ಳುತ್ತ, ನೆರೆಯವರೊಡನೆ ಮಾತಾಡುತ್ತ. ಹೀಗೆ ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ, ಒಂದೇ ಭಾಷೆಯವರಿಗಿಂತ, ಡಿಮೆನ್ಶಿಯಾ ಎಂಬ ಮರೆವಿನ ರೋಗ ಸುಮಾರು 4.5 ವರ್ಷ ತಡವಾಗಿ ಬರುತ್ತದೆಂದು 2013ರಲ್ಲಿ ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನ 648 ರೋಗಿಗಳ ದಾಖಲೆ ನೋಡಿ ಹೇಳಿತು. ರೋಗ ಬಂದ ಮೇಲೆ ಮಾತ್ರ, ಹಲವರಲ್ಲಿ ತಡವಾಗಿ ಕಲಿತ ಭಾಷೆಯೇ ಮೊದಲು ಜಾರುತ್ತದೆ. ಉಳಿಯುವುದು ಕನ್ನಡ, ಇಲ್ಲವೇ ತುಳು.

ಇಂಥ ಮನೆಯಲ್ಲಿ, ನೋಡಿಕೊಳ್ಳಲು ಬಂದ ಮರಾಠಿ ಆಯಾ "ಆಜಿ, ಜೇವಲಾತ್ ಕಾ?" ಎಂದರೆ ಅಮ್ಮ ಸುಮ್ಮನೆ ನೋಡುತ್ತಾರೆ. ಮಗಳು "ಊಟ ಆಯ್ತಾ ಅಮ್ಮ?" ಎಂದರಷ್ಟೇ ಮುಖ ಅರಳುತ್ತದೆ. ಹಾಗಾಗಿ ಹಗಲೂ ಮಗಳದ್ದೇ, ರಾತ್ರಿಯೂ ಅವಳದ್ದೇ. ಸಂಜೆಯಾದರೆ ಅಮ್ಮ ಸೆರಗು ಸರಿಮಾಡಿಕೊಂಡು ಬಾಗಿಲ ಚಿಲಕ ತಡಕುತ್ತಾರೆ: "ಊರಿಗೆ ಹೋಗುವಾ, ಬಸ್ಸು ಹೋಗ್ತದೆ." ಇದು ಹಟವಲ್ಲ. ಹಗಲುರಾತ್ರಿಯ ಲಯ ಕಾಯುವ ಮೆದುಳಿನ ನರಕೋಶಗಳಿಗೂ ರೋಗ ತಟ್ಟುವುದು ಇದಕ್ಕೊಂದು ಕಾರಣವಿರಬಹುದು.

ಅಮ್ಮ ಎದುರಿಗೇ ಇದ್ದಾರೆ, ಆದರೆ ಮಗಳು ಬಲ್ಲ ಅಮ್ಮ ಇಲ್ಲ. ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ ಇದನ್ನು 'ಅಸ್ಪಷ್ಟ ಅಗಲಿಕೆ' ಎಂದರು. ಸಾವಿನ ಮನೆಗೆ ಹತ್ತು ಜನ ಬಂದು ಸಮಾಧಾನ ಹೇಳುತ್ತಾರೆ, ಈ ದುಃಖಕ್ಕೆ ಯಾರೂ ಬರುವುದಿಲ್ಲ. ಮಗಳು ನಿದ್ದೆಗೆಟ್ಟು ರೇಗುತ್ತಾಳೆ, ಮರುಗಳಿಗೆ 'ಹೆತ್ತವಳ ಮೇಲೆ ರೇಗಿದೆನಲ್ಲ' ಎಂದು ಕೊರಗುತ್ತಾಳೆ.

ಈ ಕೊರಗು ಮನಸ್ಸಿನಲ್ಲೇ ನಿಲ್ಲುವುದಿಲ್ಲ. 1995ರಲ್ಲಿ ಓಹಿಯೋದ ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ, ಡಿಮೆನ್ಶಿಯಾ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನಿಂದ 3.5 ಮಿ.ಮೀ. ಅಗಲದ ಚರ್ಮ ತೆಗೆದು ಕಾದಿತು. ಆ ಹೊಣೆಯಿಲ್ಲದ ಸಮವಯಸ್ಕರಿಗಿಂತ ಇವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಹಿಡಿಯಿತು. ಗಾಯದ ಕಡೆಗೆ ರಕ್ಷಣಾ ಕೋಶಗಳನ್ನು ಕರೆಯುವ ಇಂಟರ್‌ಲ್ಯೂಕಿನ್ ಎಂಬ ಸಂಕೇತವೇ ಇವರಲ್ಲಿ ಕುಗ್ಗಿತ್ತು. ಸಂಗಾತಿಯ ಆರೈಕೆಯಲ್ಲಿ ಬಳಲಿದ ವೃದ್ಧರಿಗೆ, ಆ ಹೊಣೆಯಿಲ್ಲದವರಿಗಿಂತ, 4 ವರ್ಷಗಳಲ್ಲಿ ಸಾವಿನ ಸಂಭವ ಶೇ. 63 ಹೆಚ್ಚೆಂದು 1999ರ ಇನ್ನೊಂದು ಅಧ್ಯಯನ ಕಂಡಿತು.

ಆದ್ದರಿಂದ ಅಮ್ಮನನ್ನು ಪರೀಕ್ಷಿಸುವ ಡಾಕ್ಟರು ಮಗಳ ನಿದ್ದೆಯನ್ನೂ ವಿಚಾರಿಸಬೇಕು. ಯಕ್ಷಗಾನಕ್ಕೆ ಸಭಾಂಗಣ ತುಂಬಿಸುವ ಮುಂಬಯಿಯ ಕನ್ನಡ ಸಂಘಗಳಿಗೆ, ವಾರಕ್ಕೆರಡು ಮಧ್ಯಾಹ್ನ ಇಂಥ ಮನೆಗೆ ಊರ ಮಾತು ಬಲ್ಲ ಒಬ್ಬರನ್ನು ಕಳಿಸುವುದು ಕಷ್ಟವೇ? ಆ ಹೊತ್ತಿನಲ್ಲಿ ಮಗಳು ಮಲಗಲಿ, ಇಲ್ಲವೇ ಮುಂದೂಡುತ್ತ ಬಂದಿರುವ ತನ್ನ ಬಿ.ಪಿ. ತಪಾಸಣೆ ಮಾಡಿಸಿಕೊಂಡು ಬರಲಿ.