ಅಪಾಯ ಚೀಲದಲ್ಲೋ, ಸಾಲಿನಲ್ಲೋ?

2021ರ ಏಪ್ರಿಲ್ ಕೊನೆಯಲ್ಲಿ ಕೋವಿಡ್‌ನ ಎರಡನೇ ಅಲೆ ಏರಿದ್ದಾಗ ಕರ್ನಾಟಕದ ದಿನಸಿ, ತರಕಾರಿ ಅಂಗಡಿಗಳು ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ತೆರೆಯಬಹುದಿತ್ತು. ದಿನವಿಡೀ ಒಬ್ಬೊಬ್ಬರಾಗಿ ಬಂದು ಹೋಗುತ್ತಿದ್ದ ಗಿರಾಕಿಗಳೆಲ್ಲ ಆ ನಾಲ್ಕು ಗಂಟೆಯೊಳಗೆ ಬಂದು ಸೇರಿದರು. ಒಂಬತ್ತೂವರೆ ದಾಟಿತೆಂದರೆ ಮುಗಿಯಿತು. ಅಂಗಡಿಯವನ ಕೈ ಷಟರ್ ಕಡೆ ಹೋಗುವ ಮೊದಲು ಎಣ್ಣೆ ಪ್ಯಾಕೆಟ್ ಸಿಕ್ಕರೆ ಸಾಕೆಂದು ಜನ ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ಕೈ ಚಾಚುತ್ತಿದ್ದರು. ಅಂತರ ಕಾಯಲೆಂದು ಸೀಮೆಸುಣ್ಣದಲ್ಲಿ ಬರೆದ ವೃತ್ತಗಳು ನೆಲದ ಮೇಲೆ ಹಾಗೇ ಇದ್ದವು, ಅವುಗಳೊಳಗೆ ಯಾರೂ ಇರಲಿಲ್ಲ. ಸೋಂಕು ತಡೆಯಲು ಮಾಡಿದ ನಿಯಮವೇ ಜನರನ್ನು ಒತ್ತೊತ್ತಾಗಿ ನಿಲ್ಲಿಸಿತು. ಮೇ ಆರಂಭದಲ್ಲಿ ತಳ್ಳುಗಾಡಿಗಳಿಗೂ ಹಾಪ್‌ಕಾಮ್ಸ್ ಮಳಿಗೆಗಳಿಗೂ ಸಂಜೆ 6ರವರೆಗೆ ಅವಕಾಶ ಕೊಟ್ಟದ್ದು ಅದಕ್ಕಿಂತ ಎಷ್ಟೋ ಜಾಣತನದ ತೀರ್ಮಾನ.

ಮನೆಗಳಲ್ಲಿ ಮಾತ್ರ ಹೆದರಿಕೆಯೆಲ್ಲ ಚೀಲದ ಮೇಲಿತ್ತು. ಹಾಲಿನ ಪ್ಯಾಕೆಟ್ಟಿಗೆ ಸೋಪಿನ ಸ್ನಾನ, ಬೇಳೆ ಪೊಟ್ಟಣಕ್ಕೆ ಎರಡು ದಿನ ಬಿಸಿಲಿನ ವಾಸ. ಇದಕ್ಕೊಂದು ಕಾರಣವೂ ಇತ್ತು. ಈ ವೈರಸ್ ಪ್ಲಾಸ್ಟಿಕ್ ಮೇಲೆ 72 ಗಂಟೆಯವರೆಗೆ, ರಟ್ಟಿನ ಮೇಲೆ 24 ಗಂಟೆಯವರೆಗೆ ಉಳಿಯಬಲ್ಲದೆಂದು 2020ರ ಮಾರ್ಚ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿತು. ಸುದ್ದಿಯಲ್ಲಿ ಆ ಅಂಕಿಗಳಷ್ಟೇ ಓಡಾಡಿದವು. ಪ್ಲಾಸ್ಟಿಕ್ ಮೇಲೆ ಸುಮಾರು ಏಳು ಗಂಟೆಗೊಮ್ಮೆ ಅದು ಅರ್ಧಕ್ಕರ್ಧ ಇಳಿಯುತ್ತಿತ್ತು, 72 ಗಂಟೆ ಕಳೆಯುವಾಗ ಮೊದಲಿದ್ದದ್ದರ ಸಾವಿರದಲ್ಲೊಂದು ಪಾಲಿನಷ್ಟೇ ಉಳಿದಿತ್ತು ಎಂಬ ಭಾಗವನ್ನು ಓದಿದವರು ಕಡಿಮೆ. ಪ್ರಯೋಗಾಲಯದಲ್ಲಿ ಸವರಿದಷ್ಟು ವೈರಸ್ ಅಂಗಡಿಯ ಪೊಟ್ಟಣದ ಮೇಲೆ ಬೀಳುವುದೇ ಅಪರೂಪ ಎಂದು ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಇಮ್ಯಾನುಯೆಲ್ ಗೋಲ್ಡ್‌ಮನ್ ಅದೇ ವರ್ಷದ ಜುಲೈನಲ್ಲಿ ತಕರಾರು ತೆಗೆದರು. 2021ರ ಏಪ್ರಿಲ್ ಹೊತ್ತಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೂಡ, ವೈರಸ್ ತಗುಲಿದ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದಿತು.

ಅಂದಮೇಲೆ ಸಾಮಾನು ಒಳಗಿಟ್ಟು ಸೋಪು ಹಾಕಿ ಕೈ ತೊಳೆದರೆ ಆಯಿತು. ಹಣ್ಣು ತರಕಾರಿಗೆ ಕುಡಿಯುವಂಥ ಶುದ್ಧ ನೀರು ಸಾಕು. ಸೋಪು, ಡಿಟರ್ಜೆಂಟ್ ಬೇಡವೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೂಡ ಹೇಳಿತ್ತು. ಬದನೆಕಾಯಿಗೆ ಬಟ್ಟೆ ತೊಳೆಯುವ ಪುಡಿ ಹಚ್ಚಿದವರಿಗೆ ವೈರಸ್ಸಿಗಿಂತ ಹೊಟ್ಟೆನೋವು ಹತ್ತಿರವಿತ್ತು. ಸ್ಯಾನಿಟೈಸರ್ ಬಳಿದುಕೊಂಡ ಒದ್ದೆ ಕೈಯಲ್ಲಿ ಗ್ಯಾಸ್ ಹಚ್ಚುವುದಂತೂ ಬೇರೆಯದೇ ಅಪಾಯ. ಅದರಲ್ಲಿರುವುದು ಹೊತ್ತಿಕೊಳ್ಳುವ ಆಲ್ಕೋಹಾಲ್.

ನಿಜವಾಗಿ ಎಚ್ಚರ ಬೇಕಿದ್ದದ್ದು ಮಾರುಕಟ್ಟೆಯಲ್ಲಿ. ಚೆನ್ನೈನ ಕೋಯಂಬೇಡು ಸಗಟು ಮಾರುಕಟ್ಟೆಯಲ್ಲಿ 2020ರ ಏಪ್ರಿಲ್ ಕೊನೆಗೆ ಸೋಂಕು ಕಾಣಿಸಿಕೊಂಡಿತು. ಮೇ ಮೊದಲ ವಾರ ಬೀಗ ಬೀಳುವಷ್ಟರಲ್ಲಿ ಕೂಲಿಯವರು, ಲೋಡರ್‌ಗಳು, ವ್ಯಾಪಾರಿಗಳು ಕಡಲೂರು, ವಿಳುಪ್ಪುರಂ, ಅರಿಯಲೂರು ಜಿಲ್ಲೆಗಳ ತಮ್ಮ ಊರು ಸೇರಿಬಿಟ್ಟಿದ್ದರು. ಸೋಂಕೂ ಅವರ ಜೊತೆಗೇ ಹೋಯಿತು. ಆಮೇಲೆ ತರಕಾರಿ ಸಗಟು ವ್ಯಾಪಾರವನ್ನು ಊರಾಚೆಯ ತಿರುಮಳಿಸೈ ಬಯಲಿಗೆ ಸಾಗಿಸಿದರು. ಬಯಲಿನಲ್ಲಿ ಉಸಿರು ಗಾಳಿಗೆ ಚದುರಿಹೋಗುತ್ತದೆ. ಸೂರಿನ ಕೆಳಗಿನ ಇಕ್ಕಟ್ಟಿನಲ್ಲಿ ಸಿಗರೇಟಿನ ಹೊಗೆಯಂತೆ ಅಲ್ಲೇ ಸುಳಿದಾಡುತ್ತದೆ.

ನಮ್ಮ ಕೊಳ್ಳುವ ರೀತಿಯನ್ನೂ ಸ್ವಲ್ಪ ನೋಡಿಕೊಳ್ಳಬೇಕು. ಬೆಂಡೆಕಾಯಿಯ ತುದಿ ಮುರಿದು ನೋಡದೆ ಕೊಳ್ಳುವುದು ನಮಗೆ ಕಷ್ಟ. ಮುಟ್ಟಿದ್ದರಿಂದ ಆಗುವ ತೊಂದರೆ ಅಲ್ಪ. ಒಂದೇ ಬುಟ್ಟಿಯ ಮೇಲೆ ನಾಲ್ಕು ತಲೆಗಳು ಬಾಗಿ, ಎಳೆಯದೋ ಬಲಿತದ್ದೋ ಎಂದು ಐದು ನಿಮಿಷ ಆರಿಸುತ್ತ ನಿಲ್ಲುತ್ತವಲ್ಲ, ತೊಂದರೆ ಅಲ್ಲಿದೆ. ಆಗಿನ ಇನ್ನೊಂದು ಚಾಳಿ: ಸಾಲಿನಲ್ಲಿ ಸುಮ್ಮನೆ ನಿಂತಷ್ಟು ಹೊತ್ತು ಮಾಸ್ಕ್ ಮೂಗಿನ ಮೇಲೇ ಇರುತ್ತಿತ್ತು. ಸರದಿ ಬಂದ ಕೂಡಲೇ ಅದನ್ನು ಗದ್ದಕ್ಕೆಳೆದು, “ಅಣ್ಣಾ, ಅರ್ಧ ಕೇಜಿ ಉದ್ದು, ಒಂದು ಅಚ್ಚು ಬೆಲ್ಲ!” ಎಂದು ಕೂಗುತ್ತಿದ್ದೆವು. ಬಾಯಿಂದ ತುಂತುರು ಹೆಚ್ಚು ಹಾರುವುದು ಜೋರಾಗಿ ಮಾತಾಡುವಾಗಲೇ.

ಮನೆಯಲ್ಲೇ ಚೀಟಿ ಬರೆದುಕೊಂಡು ಹೋದರೆ ಈ ಎರಡೂ ತಪ್ಪುತ್ತವೆ. ವಾರಕ್ಕೋ ಹದಿನೈದು ದಿನಕ್ಕೋ ಆಗುವಷ್ಟು ಬರೆದು, ಮನೆಯ ಒಬ್ಬರೇ, ಜನ ಕಡಿಮೆಯಿರುವ ಹೊತ್ತಿಗೆ ಹೋಗಿಬಂದರಾಯಿತು. ಚೀಟಿಯ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಾಮಾನು ಕಟ್ಟಿಡುವ ಪದ್ಧತಿಯನ್ನು ಬೀದಿ ಬದಿಯ ಎಷ್ಟೋ ಕಿರಾಣಿ ಅಂಗಡಿಗಳು ಆಗಲೇ ರೂಢಿಸಿಕೊಂಡವು. ಮನೆಯಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇದ್ದರೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ತಳ್ಳುಗಾಡಿ ಮನೆ ಮುಂದೆ ಬಂದಾಗ ಇಡೀ ವಠಾರ ಒಟ್ಟಿಗೆ ಮುತ್ತಿಕೊಂಡರೆ ಅದೂ ಸಂತೆಯೇ.

ಅಂಗಡಿಯವನ ಮಾತನ್ನು ಈ ವಿಷಯದಲ್ಲಿ ಎತ್ತುವವರು ಕಡಿಮೆ. ಗಿರಾಕಿ ಹತ್ತು ನಿಮಿಷ ನಿಂತು ಹೋಗುತ್ತಾನೆ, ಗಲ್ಲಾದ ಮುಂದೆ ಕೂತವನು ಬಂದವರೆಲ್ಲರ ಉಸಿರಿನ ನಡುವೆ ದಿನ ಕಳೆಯುತ್ತಾನೆ. ಎದುರಿಗೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟರೆ ನೇರವಾಗಿ ಸಿಡಿಯುವ ದೊಡ್ಡ ಹನಿಗಳೇನೋ ನಿಲ್ಲುತ್ತವೆ. ಅದೇ ಹಾಳೆಯನ್ನು ನಾಲ್ಕೂ ಕಡೆ ಕಟ್ಟಿದರೆ ಒಳಗಿನ ಗಾಳಿ ಕದಲುವುದಿಲ್ಲ. ಅಕ್ಕಿ ಮೂಟೆಗಳನ್ನು ಸರಿಸಿ ಹಿಂಬಾಗಿಲು ತೆರೆದಿಡುವುದು, ಫ್ಯಾನಿನ ಗಾಳಿ ಹೊರಗಡೆಗೆ ಬೀಸುವಂತೆ ತಿರುಗಿಸುವುದು ಅವನಿಗೂ ಅವನ ಹುಡುಗರಿಗೂ ಹೆಚ್ಚು ಉಪಯೋಗ.