ಟೇಪರ್‌ನ ಕೋನವನ್ನು ಕಂಪ್ಯೂಟರ್ ಹುಡುಕುವ ಬಗೆ

ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹೆಸರು ಲೇಥಿನ ಕೆಲಸ ಬಲ್ಲವರಿಗೆಲ್ಲ ಗೊತ್ತು. ಅಲ್ಲಿ ತಯಾರಾದ ಲೇಥೊಂದರ ಮುಂದೆ ನಿಂತ ಟರ್ನರ್‌ಗೆ ಟೇಪರ್ ಕೆಲಸ ಬಂತೆನ್ನಿ: 100 ಮಿ.ಮೀ. ಉದ್ದದಲ್ಲಿ ವ್ಯಾಸ 50ರಿಂದ 40ಕ್ಕೆ ಇಳಿಯಬೇಕು. ವ್ಯತ್ಯಾಸದ ಅರ್ಧ 5. ಅದನ್ನು 100ರಿಂದ ಭಾಗಿಸಿದರೆ 0.05. ಯಾವ ಕೋನದ ಟ್ಯಾನ್ 0.05? ಕೋಷ್ಟಕ ನೋಡಿ, 2.86 ಡಿಗ್ರಿ ಎಂದು ಕಂಡುಕೊಂಡು, ಉಳಿಯನ್ನು ಹೊತ್ತ ಕಾಂಪೌಂಡ್ ರೆಸ್ಟನ್ನು ಅಷ್ಟು ತಿರುಗಿಸಿದರಾಯಿತು.

ಕೋಷ್ಟಕವಿಲ್ಲದ ಕಂಪ್ಯೂಟರ್ ಏನು ಮಾಡಬೇಕು? ಹದಿನಾಲ್ಕನೇ ಶತಮಾನದಲ್ಲೇ ಕೇರಳದ ಮಾಧವ ಇದಕ್ಕೊಂದು ಶ್ರೇಣಿ ಕೊಟ್ಟಿದ್ದ. ನಮ್ಮ 0.05ಕ್ಕೆ ಅದರ ಎರಡೇ ಪದ ಸಾಕು. ಆದರೆ 45 ಡಿಗ್ರಿಯ ಹತ್ತಿರ ಅದೇ ಶ್ರೇಣಿ ತೆವಳುತ್ತದೆ, ಸಾವಿರ ಪದ ಕೂಡಿಸಿದರೂ ಮೂರು ದಶಾಂಶ ಸ್ಥಾನ ಗಟ್ಟಿಯಾದರೆ ಹೆಚ್ಚು.

1959ರಲ್ಲಿ ಅಮೆರಿಕದ ಜ್ಯಾಕ್ ವೋಲ್ಡರ್ ಪ್ರಕಟಿಸಿದ ಕಾರ್ಡಿಕ್ ವಿಧಾನ ನನಗೆ ಬಹಳ ಇಷ್ಟ. ವಿಮಾನದೊಳಗಿನ ಕಂಪ್ಯೂಟರಿಗಾಗಿ ಹುಟ್ಟಿದ ಲೆಕ್ಕ ಅದು. ಅಡ್ಡಕ್ಕೆ 100, ಮೇಲಕ್ಕೆ 5 ಇರುವ ಬಾಣವೊಂದನ್ನು ಅಡ್ಡಗೆರೆಯ ಮೇಲೆ ಮಲಗಿಸಬೇಕು. ಬಾಣದ ತುದಿ ಗೆರೆಗಿಂತ ಮೇಲಿದ್ದರೆ ಕೆಳಕ್ಕೆ ತಿರುಗಿಸು, ಕೆಳಗಿದ್ದರೆ ಮೇಲಕ್ಕೆ. ತಿರುಗಿಸುವ ಕೋನಗಳು ಮೊದಲೇ ಗೊತ್ತು: 45, 26.57, 14.04, 7.13 ಹೀಗೆ. ಅವುಗಳ ಟ್ಯಾನ್ 1, ಅರ್ಧ, ಕಾಲು, ಅರೆಕಾಲು. ದ್ವಿಮಾನ ಸಂಖ್ಯೆಯನ್ನು ಅರ್ಧ ಮಾಡುವುದೆಂದರೆ ಅಂಕಿಗಳನ್ನು ಒಂದು ಮನೆ ಬಲಕ್ಕೆ ಸರಿಸುವುದಷ್ಟೇ. ಗುಣಾಕಾರ ಬೇಡ, ಭಾಗಾಕಾರ ಬೇಡ, ಕೂಡು-ಕಳೆ ಮಾತ್ರ! ತಿರುಗಿದ ಒಟ್ಟು ಕೋನ 45, 18.43, 4.40, −2.73, 0.85, 2.64, 3.54, 3.09 ಎಂದು ಆಚೀಚೆ ಓಲಾಡಿ ಒಂಬತ್ತನೇ ಸಲಕ್ಕೆ 2.86ಕ್ಕೆ ಬಂದು ನಿಲ್ಲುತ್ತದೆ. ಬಾಣ ಈ ನಡುವೆ ಸುಮಾರು 1.65 ಪಟ್ಟು ಉದ್ದವಾಗುತ್ತದೆ, ಕೋನಕ್ಕೆ ಅದರ ತೊಂದರೆಯಿಲ್ಲ. 1972ರ ಎಚ್‌ಪಿ-35 ಕ್ಯಾಲ್ಕ್ಯುಲೇಟರ್ ಒಳಗೆ ಇದೇ ಉಪಾಯದ ದಶಮಾನ ರೂಪವಿತ್ತು.

ದಾವಣಗೆರೆಯ ಬಿಡಿಟಿಯಂಥ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿ ಅಥವಾ ಪೈಥಾನ್ ಕಲಿಯುತ್ತಿರುವವರು ಎರಡು ಸಂಗತಿ ಗಮನಿಸಬೇಕು. ಟ್ಯಾನ್‌ನಿಂದ ಕೋನ ಹೇಳುವ ಅಟಾನ್ ಫಂಕ್ಷನ್ ಕೊಡುವ ಉತ್ತರ 2.86 ಅಲ್ಲ, 0.04996, ಅಂದರೆ ರೇಡಿಯನ್. ಡಿಗ್ರಿ ಬೇಕಾದರೆ 57.2958ರಿಂದ ಗುಣಿಸಬೇಕು. ಇನ್ನೊಂದು, 5 ಮತ್ತು 100ರ ಭಾಗಲಬ್ಧ, −5 ಮತ್ತು −100ರ ಭಾಗಲಬ್ಧ ಎರಡೂ 0.05. ದಿಕ್ಕುಗಳು ಮಾತ್ರ ತದ್ವಿರುದ್ಧ. ಭಾಗಿಸಿದ ಮೇಲೆ ಆ ದಿಕ್ಕು ಕಳೆದುಹೋಗುತ್ತದೆ. ಆದ್ದರಿಂದ ಭಾಗಿಸದೆ, ಎರಡು ಸಂಖ್ಯೆಗಳನ್ನೂ ಹಾಗೇ ಅಟಾನ್2 ಎಂಬ ಫಂಕ್ಷನ್‌ಗೆ ಕೊಡಿ.